ತಾಮ್ರದ ಹಂಡೆಯೂ ಐದು ಲೀಟರ್ ಕ್ಯಾನೂ

ಏಳು ತಿಂಗಳ ಬಸುರಿ ಗಳಿಗೆಗೊಮ್ಮೆ ಬಚ್ಚಲಿಗೆ ಓಡೋದು ಹೊಸದೇನಲ್ಲ. ಆದರೆ ಆ ಭಾನುವಾರ ಎಲ್ಲವನ್ನೂ ಹಿಡಿದು ಒಂದು ಪ್ಲಾಸ್ಟಿಕ್ ಕ್ಯಾನಿಗೆ ಸುರಿಯಬೇಕಿತ್ತು. ಬೆಳಿಗ್ಗೆ ಆರರ ಮೊದಲ ಮೂತ್ರ ಬಿಟ್ಟುಬಿಡಬೇಕು, ಅಲ್ಲಿಂದ ಮರುದಿನ ಆರರವರೆಗಿನದು ಒಂದು ಹನಿಯೂ ತಪ್ಪಬಾರದು. 24 ಗಂಟೆಯಲ್ಲಿ ನನ್ನ ಮೈಯಿಂದ ಎಷ್ಟು ತಾಮ್ರ ಹೊರಗೆ ಹೋಗುತ್ತದೆ ಅಂತ ಲ್ಯಾಬಿನವರು ಅಳೆಯುತ್ತಾರೆ.

ನನಗೆ ವಿಲ್ಸನ್ ಕಾಯಿಲೆ. ಊಟದಲ್ಲಿ ಬಂದ ಜಾಸ್ತಿ ತಾಮ್ರವನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕಬೇಕು. ನನ್ನ ಲಿವರ್‌ಗೆ ಆ ಕೆಲಸ ಬರುವುದಿಲ್ಲ. ತಾಮ್ರ ಅಲ್ಲೇ ಕೂರುತ್ತದೆ, ಆಮೇಲೆ ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ಅಪ್ಪ ಅಮ್ಮ ಸೋದರತ್ತೆ ಸೋದರಮಾವನ ಮಕ್ಕಳು. ಎಟಿಪಿ7ಬಿ ಅನ್ನೋ ಜೀನ್ ಇಬ್ಬರಲ್ಲೂ ಒಂದೊಂದು ಕೆಟ್ಟಿತ್ತು, ಅವರಿಗೇನೂ ಆಗಲಿಲ್ಲ. ಎರಡು ಕಡೆಯದೂ ನನಗೆ ಬಂತು. ಪಿಯುಸಿಯಲ್ಲಿ ಕೈ ನಡುಗಿ ಅಕ್ಷರ ಕಾಗೆಕಾಲು ಆದಾಗ ಗೊತ್ತಾಯಿತು.

ಬಸುರಾದ ಮೇಲೆ ಎಲ್ಲರದ್ದೂ ಒಂದೇ ರಾಗ, ಮಾತ್ರೆ ಬಿಡು. ಔಷಧಿ ಅಂಗಡಿಯವನೂ, ತಾಮ್ರವನ್ನು ಮೂತ್ರದಲ್ಲಿ ಹೊರಗೆ ಕಳಿಸುವ ನನ್ನ ಪೆನಿಸಿಲಮೈನ್ ಮಾತ್ರೆಯ ಚೀಟಿ ನೋಡಿ ಹುಬ್ಬೇರಿಸಿದ. ಡಾಕ್ಟರ್ ಮಾತ್ರ ಗಟ್ಟಿಯಾಗಿ ಹೇಳಿದರು: "ಕಡಿಮೆ ಮಾಡೋಣ, ನಿಲ್ಲಿಸೋ ಮಾತೇ ಬೇಡ." ನಿಲ್ಲಿಸಿದರೆ ಲಿವರ್ ಕೈಕೊಡಬಹುದು. ಹಾಗಂತ ಹಳೇ ಡೋಸೂ ಆಗದು. ಮಗುವಿಗೂ ಚೂರು ತಾಮ್ರ ಬೇಕು, ಸಿಸೇರಿಯನ್ ಆದರೆ ಗಾಯವೂ ಮಾಯಬೇಕು. ಸೆರುಲೋಪ್ಲಾಸ್ಮಿನ್ ಅಂದರೆ ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನು, ಈ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಕಡಿಮೆ. ಒಂದು ಸಲ ಅದು ಏರಿದ್ದು ನೋಡಿ ನಮ್ಮೆಜಮಾನರು ಕಾಯಿಲೆಯೇ ಹೋಯಿತು ಅಂತ ಕುಣಿದರು. ಬಸಿರಲ್ಲಿ ಅದು ಏರುವುದು ಮಾಮೂಲಂತೆ. ಪಾಪ, ಸಪ್ಪಗಾದರು.

ಹಾಗಾಗಿ ಡೋಸ್ ಸರಿಯಿದೆಯಾ ಅಂತ ನೋಡೋಕೆ ಈ ಕ್ಯಾನು. ಬಚ್ಚಲಲ್ಲಿ ಅತ್ತೆಯ ತಾಮ್ರದ ಹಂಡೆ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಅನ್ನುತ್ತಿತ್ತು. ಅದರ ಪಕ್ಕದಲ್ಲೇ ನನ್ನ ಬಿಳಿ ಕ್ಯಾನು, ಕೆಂಪು ಪ್ಲಾಸ್ಟಿಕ್ ಮಗ್ಗು. ಹಂಡೆಯ ಒಂದು ಹನಿ ಸಿಡಿದರೂ ಲೆಕ್ಕ ಕೆಡುತ್ತದೆ ಅಂತ ಕ್ಯಾನಿನ ಮುಚ್ಚಳವನ್ನು ಹತ್ತು ಸಲ ತಿರುಗಿಸಿ ನೋಡಿದೆ.

ಮಧ್ಯಾಹ್ನ ದೊಡ್ಡತ್ತೆ ಬಂದರು. ಒಂದು ಡಬ್ಬಿ ತುಂಬ ಗೋಡಂಬಿ, ಬಾದಾಮಿ ಹಾಕಿದ ಅಂಟಿನುಂಡೆ. "ರಾತ್ರಿ ತಾಮ್ರದ ಚೊಂಬಲ್ಲಿಟ್ಟ ನೀರು ಕುಡೀತಿದ್ದೀಯಾ ತಾನೆ? ಮಗು ಬೆಳ್ಳಗಾಗುತ್ತೆ." ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆ: "ಅವಳಿಗೆ ತಾಮ್ರ ಆಗಿಬರಲ್ಲ ಅಕ್ಕ, ನಮ್ಮ ಚೊಂಬೂ ಅಟ್ಟ ಸೇರಿದೆ." ಮದುವೆಯಾದ ಹೊಸತರಲ್ಲಿ ಇದೇ ಚೊಂಬಿಗಾಗಿ ನಾವಿಬ್ಬರೂ ಎರಡು ದಿನ ಮಾತು ಬಿಟ್ಟಿದ್ದೆವು!

ನಗು ತಡೆಯಲಾಗದೆ ಎದ್ದೆ. ಹೊಟ್ಟೆ ಭಾರ, ಅವಸರ, ದೊಡ್ಡತ್ತೆಯ ಕಥೆ ಬೇರೆ ನಡೆಯುತ್ತಿತ್ತು. ಬಚ್ಚಲಿಂದ ಹೊರಗೆ ಬಂದ ಮೇಲೆ ನೆನಪಾಯಿತು, ಮಗ್ಗು ಮುಟ್ಟಿಯೇ ಇಲ್ಲ. ಹತ್ತು ಗಂಟೆಯ ದುಡಿಮೆ ನೀರುಪಾಲು. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಬಸುರಿಗೆ ಅಳೋಕೆ ದೊಡ್ಡ ಕಾರಣ ಬೇಕಾ?

ಸಂಜೆ ನಮ್ಮವರು ಲ್ಯಾಬಿಗೆ ಹೋಗಿ ಹೊಸ ಕ್ಯಾನು ತಂದರು. ಬೆಳಿಗ್ಗೆ ಆರಕ್ಕೆ ಕಣ್ಣುಜ್ಜಿಕೊಂಡು ಹೋದರೆ ಕ್ಯಾನು ಬಚ್ಚಲ ಬಾಗಿಲ ಚಿಲಕಕ್ಕೆ ನೇತಾಡುತ್ತಿದೆ. ಅತ್ತೆಯ ಹಳೇ ಸೀರೆಯ ಅಂಚು ಹರಿದು ಕಟ್ಟಿದ್ದು. ಗಂಟು ಬಿಚ್ಚದೆ ಒಳಗೆ ಹೋಗುವ ಹಾಗೇ ಇರಲಿಲ್ಲ.