ಕಿತ್ತ ಮೇಲೆ ತಿಳಿದದ್ದು

ಚಿತ್ತಾಪುರದ ಕಡೆಯ ಎರೆಹೊಲವೊಂದರಲ್ಲಿ ತೊಗರಿ ಬೀಜೋತ್ಪಾದನೆಯ ಮೇಲ್ವಿಚಾರಣೆ ನನ್ನದಾಗಿತ್ತು. ಹೂ ಬಿಡುವ ಹೊತ್ತಿಗೆ ಬೆರಕೆ ಗಿಡಗಳನ್ನು ಕೀಳಿಸಬೇಕು. ತೊಗರಿಯಲ್ಲಿ ಜೇನುನೊಣಗಳು ಗಿಡದಿಂದ ಗಿಡಕ್ಕೆ ಪರಾಗ ಸಾಗಿಸುತ್ತವೆ, ತಡವಾದರೆ ತಳಿ ಕೆಡುತ್ತದೆ. ಆ ಅವಸರದಲ್ಲಿ ಬದುವಿನ ಪಕ್ಕದ ಎರಡು ಸಾಲುಗಳ ಮೇಲೆ ನನ್ನ ಕಣ್ಣು ಬಿತ್ತು. ಒಳಗಿನ ಗಿಡಗಳೆಲ್ಲ ಎದೆಯೆತ್ತರ ನೆಟ್ಟಗೆ ನಿಂತಿದ್ದರೆ ಇಲ್ಲಿನವು ಗಿಡ್ಡವಾಗಿ ಪೊದೆಯಂತೆ ಹರಡಿದ್ದವು. ಬೇರೆ ತಳಿಯೇ ಎಂದು 40 ಗಿಡಗಳನ್ನು ಕೀಳಿಸಿಬಿಟ್ಟೆ.

ಕೂಲಿಗೆ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬರು ಒಂದು ಗಿಡವನ್ನು ಎತ್ತಿ ತಂದರು. "ತಮ್ಮಾ, ಇದರ ತಲೆ ನೋಡು. ಆಡು ಮೇಯ್ದಿದೆ."

ಮೊಣಕಾಲೆತ್ತರದಲ್ಲಿ ಮುಖ್ಯ ಕಾಂಡ ಮೊಂಡಾಗಿ ಒಣಗಿತ್ತು. ಅದರ ಕೆಳಗೆ ಎಲೆಯ ಕಂಕುಳುಗಳಿಂದ ಟೊಂಗೆಗಳು ಹೊರಟಿದ್ದವು. ಎಲೆ, ಹೂವಿನ ಬಣ್ಣ ಎರಡೂ ಒಳಗಿನ ಗಿಡಗಳದ್ದೇ. ಬಿತ್ತಿದ ಐವತ್ತು ದಿನಕ್ಕೆ ಕುಡಿ ಚಿವುಟಿರಿ, ಟೊಂಗೆ ಹೆಚ್ಚುತ್ತವೆ ಎಂದು ಊರೂರು ತಿರುಗಿ ರೈತರಿಗೆ ಹೇಳುವವನು ನಾನು. ಆಡು ಮಾಡಿದ್ದೂ ಅದನ್ನೇ. ಆ ದಿನ ನನಗೆ ಊಟ ಸೇರಲಿಲ್ಲ.

ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದೊಳಗೆ ಕೆಳಗಿಳಿಯುತ್ತ ಪಕ್ಕದ ಮೊಗ್ಗುಗಳನ್ನು ಮಲಗಿಸಿಡುತ್ತದೆ. ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನು ಅದಕ್ಕೆ ಜೊತೆಗೂಡುತ್ತದೆ. ಇದು ಟೊಂಗೆಯನ್ನು ತಡೆಯುತ್ತದೆ ಎಂಬುದು ಗೊತ್ತಾದದ್ದು 2008ರಲ್ಲಿ. ಮೊಗ್ಗಿನೊಳಗೆ ಬಿಆರ್‌ಸಿ1 ಎಂಬ ಜೀನು ಬೀಗದಂತೆ ಕೆಲಸ ಮಾಡುತ್ತದೆ. ಬಟಾಣಿಯ ಮೇಲಿನ 2014ರ ಅಧ್ಯಯನವಂತೂ ನನಗೆ ಬಹಳ ಹಿಡಿಸಿತು: ಕುಡಿ ಹೋದೊಡನೆ ಅದು ಉಣ್ಣುತ್ತಿದ್ದ ಸಕ್ಕರೆ ಮೊಗ್ಗುಗಳತ್ತ ಹರಿಯುತ್ತದೆ, ಆಕ್ಸಿನ್ ಕಡಿಮೆಯಾಗುವ ಮೊದಲೇ ಅವು ಎಚ್ಚರಗೊಳ್ಳುತ್ತವೆ. ಟೊಂಗೆಯಲ್ಲಿ ತಳಿಗುಣ ಇಲ್ಲವೆಂದಲ್ಲ. ಮೆಕ್ಕೆಜೋಳದ ಕಾಡು ಪೂರ್ವಜ ಪೊದೆಯಂತೆ ಬೆಳೆಯುತ್ತದೆ. ನಮ್ಮ ಮೆಕ್ಕೆಜೋಳ ಒಂಟಿ ದಂಟಾಗಿ ನಿಲ್ಲಲು ಟಿಬಿ1 ಎಂಬ ಜೀನಿನ ಬದಲಾವಣೆಯೇ ಮುಖ್ಯ ಕಾರಣ. ಆದರೆ ಒಂದೇ ತಳಿಯ ಎರಡು ಗಿಡಗಳ ಟೊಂಗೆ ಬೇರೆಯಾಗಲು ಒಂದು ಆಡು ಸಾಕು.

ಎಲೆಯ ಆಕಾರ ಹಾಗಲ್ಲ. ನೀರು ಕಡಿಮೆಯಾದರೆ ತೊಗರಿ ಎಲೆ ಸಣ್ಣದಾಗಬಹುದು, ಆದರೆ ಈಟಿಯಂತಹ ಚೂಪು ತುದಿ ಉಳಿಯುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಹೈಬ್ರಿಡ್ ತೊಗರಿಯ ಹೆಣ್ಣು ಸಾಲಿಗೆ, ಅಂದರೆ ಬೀಜ ಕಟ್ಟುವ ತಾಯಿ ತಳಿಗೆ, ಗುರುತು ಬೇಕಾದಾಗ ನೆಚ್ಚಿಕೊಂಡದ್ದು ಎಲೆಯನ್ನೇ. ತುದಿಯಲ್ಲಿ ಕಚ್ಚಿರುವ, ತಲೆಕೆಳಗಾದ ಹೃದಯದಂತಹ ಎಲೆ. ಅದು ಒಂದೇ ಹಿಂಜರಿತ ಜೀನಿನ ಫಲ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಗುಣ ತೋರುವ ಜೀನು. ಚೂಪು ಎಲೆಯ ಗಂಡಿನೊಂದಿಗೆ ಕೂಡಿದರೆ ಮಕ್ಕಳೆಲ್ಲ ಚೂಪು ಎಲೆಯವು. ಹೆಣ್ಣು ಸಾಲನ್ನು ಬೆಳೆಸುವ ತಾಕಿನಲ್ಲಿ ಚೂಪು ಎಲೆ ಕಂಡರೆ ಬೆರಕೆ, ಹೂವಿಗಾಗಿ ಕಾಯದೆ ಸಸಿಯಲ್ಲೇ ಕೀಳಬಹುದು.

ಈಗ ನಾನು ಮೊದಲು ಎಲೆ ನೋಡುತ್ತೇನೆ, ಆಮೇಲೆ ಕಾಂಡದ ಬಣ್ಣ, ಹೂವಿನ ಗೆರೆ, ಕಾಯಿ. ಟೊಂಗೆ ಕೊನೆಗೆ; ಅದಕ್ಕೂ ಮುಂಚೆ ಕುಡಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತೇನೆ. ಶ್ರಾವಣದಲ್ಲಿ ಬದುವಿನ ಗುಂಟ ಒಂದು ಸುತ್ತು ಹಾಕಿ, ಮೇಯ್ದ ಗಿಡಗಳಿಗೆಲ್ಲ ಕೆಂಪು ದಾರ ಕಟ್ಟಿಸುತ್ತೇನೆ. ದಾರದ ಉಂಡೆ ಹಿಡಿದು ಮುಂದೆ ನಡೆಯುವವರು ಅದೇ ಹಿರಿಯರು.