ಓದಲು ಬಾರದ ಭಾಷೆಯಲ್ಲಿ ಕೊಟ್ಟ ಸಮ್ಮತಿ

ಕಾಸರಗೋಡಿನ ಕನ್ನಡಿಗರಿಗೆ ಎರಡು ರಾಜ್ಯಗಳ ಕಾಗದಪತ್ರಗಳ ನಡುವೆ ಬದುಕುವುದು ರೂಢಿಯಾಗಿದೆ. ರೇಷನ್ ಕಾರ್ಡ್ ಕೇರಳದ್ದು, ಆಸ್ಪತ್ರೆ ಮತ್ತು ಕಾಲೇಜು ಮಂಗಳೂರಿನದು, ಹಿರಿಯರ ಜಾಗ ಕೆಲವರಿಗೆ ಪುತ್ತೂರಿನ ಕಡೆ. ಹೋದಲ್ಲೆಲ್ಲ ಆಧಾರ್ ಪ್ರತಿ ಕೇಳುತ್ತಾರೆ, ನಾವು ಕೊಡುತ್ತೇವೆ. ಆನ್‌ಲೈನ್ ಖಾಸಗಿತನವೆಂದರೆ ಎಲ್ಲೋ ದೂರದಲ್ಲಿ ಕುಳಿತ ಹ್ಯಾಕರ್‌ನ ವಿಚಾರವೆಂದು ಭಾವಿಸುವವರಿದ್ದಾರೆ. ನನಗೆ ಭಯವಿರುವುದು ಪೇಟೆಯ ಜೆರಾಕ್ಸ್ ಅಂಗಡಿಗಳ ಬಗ್ಗೆ.

ಅಂತಹ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ದಿನವಿಡೀ ತೆರೆದಿರುತ್ತದೆ. ಗಿರಾಕಿಗಳು ಪ್ರಿಂಟಿಗೆಂದು ಕಳುಹಿಸಿದ ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ, ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಎಲ್ಲವೂ ಡೌನ್‌ಲೋಡ್ ಫೋಲ್ಡರಿನಲ್ಲಿ ಸಾಲಾಗಿ ಬಿದ್ದಿರುತ್ತವೆ. ಅಂಗಡಿಯವರು ಕೆಟ್ಟವರೇನಲ್ಲ, ಅಳಿಸಲು ಅವರಿಗೆ ಪುರುಸೊತ್ತಿಲ್ಲ ಅಷ್ಟೆ. ಆದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಿಕ್ಕರೆ ಒಟಿಪಿ ಇಲ್ಲದೆಯೇ ಹಣ ತೆಗೆಯಬಹುದು. ಮೊದಲಿನ ಎರಡು ಆ ಫೋಲ್ಡರಿನಲ್ಲೇ ಇವೆ. ಬೆರಳಚ್ಚೂ ಅಷ್ಟೇನೂ ದುರ್ಲಭವಲ್ಲ: 2023ರಲ್ಲಿ ಮಂಗಳೂರಿನ ಸುತ್ತಮುತ್ತ ಬೆರಳೊತ್ತಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರು ತಮ್ಮ ಖಾತೆಯಿಂದ ಇದೇ ದಾರಿಯಲ್ಲಿ ಹಣ ಹೋಗಿದೆಯೆಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಂಡರೆ ಈ ದಾರಿ ಮುಚ್ಚುತ್ತದೆ. ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಮೊದಲು ತಾತ್ಕಾಲಿಕವಾಗಿ ತೆರೆಯಬೇಕೆಂಬುದನ್ನು ಮಾತ್ರ ಮರೆಯಬಾರದು.

ಕದ್ದು ಒಯ್ಯುವ ಮಾಹಿತಿಯ ಮಾತು ಇದಾಯಿತು. ನಾವೇ ಸಹಿ ಹಾಕಿ ಒಪ್ಪಿಸುವುದರ ಪಾಡೇನು? ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳಂ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರ ಮುಂದೆ ಬರುವ ನಮೂನೆಗಳು ಮಲಯಾಳಂನಲ್ಲೋ ಇಂಗ್ಲಿಷ್‌ನಲ್ಲೋ ಇರುತ್ತವೆ. ಕೌಂಟರಿನಲ್ಲಿ ಕುಳಿತವರು ಪೆನ್ನಿನಿಂದ ಗುರುತು ಹಾಕಿದ ಕಡೆ ಸಹಿ ಬೀಳುತ್ತದೆ, ಮೊಬೈಲಿಗೆ ಬಂದ ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಲಾಗುತ್ತದೆ. ಇದನ್ನು ಸಮ್ಮತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗಡಿನಾಡಿನವರು ಗಮನಿಸಲೇಬೇಕಾದ ಒಂದು ಅಂಶವಿದೆ: ಸಮ್ಮತಿ ಕೇಳುವವರು ಅದರ ವಿವರವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ, ಮತ್ತು ಈ ಆಯ್ಕೆಯನ್ನು ರಾಜ್ಯದ ಗಡಿಗೆ ಕಟ್ಟಿಹಾಕಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಷ್ಟೇ ಪ್ರಕಟವಾಗಿದ್ದು, ಮುಖ್ಯ ಕಟ್ಟುಪಾಡುಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಕಾಶ ಕೊಡಲಾಗಿದೆ. ನಮ್ಮ ಕನ್ನಡ ಸಂಘಟನೆಗಳು ನಾಮಫಲಕಗಳಿಗಾಗಿ ತೋರುವ ಹುರುಪಿನಲ್ಲಿ ಸ್ವಲ್ಪವನ್ನು ಈ ನಮೂನೆಗಳ ಕಡೆಗೂ ತಿರುಗಿಸಿದರೆ ಒಳ್ಳೆಯದು.

ಸದ್ಯಕ್ಕೆ ನಮ್ಮ ಮನೆಯಲ್ಲಿ ಎಲ್ಲರ ಮೊಬೈಲಿಗೂ ಮಾಸ್ಕ್ಡ್ ಆಧಾರ್ ಇಳಿಸಿಕೊಟ್ಟಿದ್ದೇನೆ. ಅದರಲ್ಲಿ ಮೊದಲ ಎಂಟು ಅಂಕಿಗಳು ಮರೆಯಾಗಿರುತ್ತವೆ. ಕೆಲವು ಕಡೆ ಪೂರ್ತಿ ಸಂಖ್ಯೆಯೇ ಬೇಕೆನ್ನುತ್ತಾರೆ. ಏತಕ್ಕೆ ಬೇಕೆಂದು ನಯವಾಗಿ ಕೇಳಿದರೆ, ಹೆಚ್ಚಿನವರು ಈ ಮಾಸ್ಕ್ಡ್ ಪ್ರತಿಯನ್ನೇ ಫೈಲಿಗೆ ಸೇರಿಸಿಕೊಳ್ಳುತ್ತಾರೆ.