ಮಾರ್ಕ್ಸ್ ಶೀಟ್ ಕೇಳಿದ ಮಗ

ಆರೋಗ್ಯ ಸರ್ವೆಯ ಫೀಲ್ಡ್‌ನಲ್ಲಿ ಬಾಗಿಲು ಹಾಕ್ಕೊಳ್ಳುವ ಮನೆಗಿಂತ, ಕಾಫಿ ಕೊಟ್ಟು ಕೂರಿಸುವ ಮನೆಗೇ ಜಾಸ್ತಿ ಹೆದರಬೇಕು. ಟ್ರೈನಿಂಗ್‌ನಲ್ಲಿ ಇದನ್ನ ಯಾರೂ ಹೇಳಲಿಲ್ಲ. ಹೇಳಿದ್ದೆಲ್ಲ ಟ್ಯಾಬ್ ಚಾರ್ಜು, ಜಿಪಿಎಸ್, ಸಂಜೆಯೊಳಗೆ ಸಿಂಕ್.

ನಮ್ಮದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರಾಜೆಕ್ಟ್. 60 ದಾಟಿದವರ ಬಿಪಿ, ಶುಗರ್, ಕಿವಿ ನೋಡಬೇಕು, ಆಮೇಲೆ ನೆನಪಿನ ಪರೀಕ್ಷೆ. ಮದ್ದೂರು ಕಡೆಯ ಆ ಮನೆಯಲ್ಲಿ ದೊಡ್ಡ ಮಗ ನಮಗೋಸ್ಕರ ಚೇರ್ ಹಾಕಿ ಕಾಯ್ತಿದ್ದರು. "ಅಪ್ಪಂಗೆ ಮರೆವು ಜಾಸ್ತಿ ಮೇಡಂ, ಚೆನ್ನಾಗಿ ಟೆಸ್ಟ್ ಮಾಡಿ" ಅಂದರು. ಒಳ್ಳೆ ಇನ್‌ಫಾರ್ಮೆಂಟ್ (ಹಿರಿಯರ ಬಗ್ಗೆ ಮಾಹಿತಿ ಕೊಡುವ ಮನೆಯವರು) ಸಿಕ್ಕಿದರು ಅಂತ ಖುಷಿಪಟ್ಟೆ.

ಮೂರು ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಬೇಕು. (ಯಾವ ಹೆಸರು ಅಂತ ಬರೆಯಲ್ಲ, ಮುಂದಿನ ಸುತ್ತಿಗೆ ಬಾಯಿಪಾಠ ಮಾಡ್ಕೊಂಡು ಕೂತಿರ್ತಾರೆ.) ವಾರಗಳನ್ನ ಹಿಂದಿನಿಂದ ಹೇಳಿಸಬೇಕು. ತಾತ ಶನಿವಾರ, ಶುಕ್ರವಾರ ಅಂತ ಚೆನ್ನಾಗೇ ಬರ್ತಿದ್ದರು. ಬುಧವಾರಕ್ಕೆ ಬಂದು ನಿಂತರು. ಹಿಂದಿನಿಂದ ಮಗ, "ನೋಡಿ, ಬರ್ಕೊಳ್ಳಿ" ಅಂದರು. ತಾತ ತಿರುಗಿ ಮಗನನ್ನೇ ನೋಡಿದರು. ಮಂಗಳವಾರ ಬರಲೇ ಇಲ್ಲ.

ಆಮೇಲೆ ಚಿತ್ರ ನೋಡಿ ಬರೆಯೋದು. ಪೆನ್ಸಿಲ್ ಕೊಟ್ಟೆ, ಮುಟ್ಟಲಿಲ್ಲ.

"ಯಾತಕ್ಕವ್ವ ಇದು? ಆಗ್ಲೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ. ಯಾವ ಸರ್ವೆ ನಂಬರ್‌ಗೆ?"

ಅಷ್ಟರಲ್ಲಿ ಚಿಕ್ಕ ಮಗನ ಬೈಕ್ ಬಂದು ನಿಂತಿತು. "ಅಪ್ಪಂಗೆ ತಲೆ ಸರಿಯಿಲ್ಲ ಅಂತ ಬರೆಸ್ತಿದ್ದೀಯೇನೋ?" ನಾಲೆ ಪಕ್ಕದ ಗದ್ದೆಯನ್ನ ತಾತ ಚಿಕ್ಕವನ ಹೆಸರಿಗೆ ಬರೆದಿದ್ದರಂತೆ. ದೊಡ್ಡವರು ನನ್ನ ಕಡೆ ತಿರುಗಿ, "ಮಾರ್ಕ್ಸ್ ಎಷ್ಟು ಬಂತು? ಸೀಲ್ ಹಾಕಿ ಪ್ರಿಂಟ್ ಕೊಡಿ" ಅಂದರು. ನಮ್ಮ ಆ್ಯಪ್ ಮಹಾನುಭಾವ, ಒಟ್ಟು ಅಂಕವನ್ನ ಪರದೆ ಮೇಲೇ ತೋರಿಸುತ್ತೆ. ಮೊಬೈಲ್ ಹಿಡಿದು ನನ್ನ ಹೆಗಲ ಮೇಲೆ ಬಗ್ಗಿದರು. ಟ್ಯಾಬನ್ನ ಮಡಿಲಲ್ಲಿ ಕವುಚಿ ಹಾಕಿ, ಮೇಲೆ ಎರಡೂ ಕೈ ಇಟ್ಕೊಂಡು ಕೂತೆ. ಅಣ್ಣತಮ್ಮ ಇಬ್ಬರೂ ನನ್ನ ತಲೆ ಮೇಲೆ ಕೂಗಾಡ್ತಿದ್ದರು. ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ, "ಕನ್ವಿನ್ಸ್ ಮಾಡಿ ಮುಗಿಸಿ, ರೆಸ್ಪಾನ್ಸ್ ರೇಟ್ ಬೀಳ್ತಿದೆ" ಅಂದರು. ಅವರು ಮಂಡ್ಯದ ಆಫೀಸಿನಲ್ಲಿ ಫ್ಯಾನ್ ಕೆಳಗಿದ್ದರು.

ಆ ಅಂಕಕ್ಕೆ ಅಷ್ಟು ಬೆಲೆಯೇ ಇಲ್ಲ. ಇಂಥ ಪರೀಕ್ಷೆಗೆ ಮೂಲ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬಾರದ ಹಿರಿಯರಿಗೆ ಅಂತ ಹಿಂದಿಯಲ್ಲಿ ಹೊಂದಿಸಿದ್ದು. ಕಿವಿ ಮಂದ ಇದ್ದರೂ ಅಂಕ ಇಳಿಯುತ್ತೆ, ಮಗನ ಭಯ ಇದ್ದರೂ ಇಳಿಯುತ್ತೆ. ದೇಶದ ಹಿರಿಯರ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಗ್ಗೆ ನಡೆದ ಲಾಸಿ-ಡ್ಯಾಡ್ ಅಧ್ಯಯನದಲ್ಲೂ ಮನೆಯವರನ್ನ ಬೇರೆಯಾಗಿ ಮಾತಾಡಿಸಿ, ಎಲ್ಲ ಸೇರಿಸಿ ತಜ್ಞರು ನೋಡಿದ ಮೇಲೇ ತೀರ್ಮಾನ. 60 ದಾಟಿದವರಲ್ಲಿ 7.4%, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಅನ್ನೋ ಅಂದಾಜು ಬಂದಿದ್ದು ಹಾಗೆ. ಇದನ್ನ ಬೈಕ್ ಕೀ ತಿರುಗಿಸ್ತಾ ನಿಂತವನಿಗೆ ಹೇಳೋಕಾಗುತ್ತಾ?

ತಾತನಿಗೆ ಮಾತ್ರ ಹೇಳಿದೆ: ಬೇಡ ಅಂದರೆ ಇಲ್ಲಿಗೇ ನಿಲ್ಲಿಸ್ತೀನಿ, ಯಾರಿಗೂ ಏನೂ ಕೊಡಲ್ಲ. "ನಿಲ್ಸವ್ವ" ಅಂದರು. ಬಿಪಿ ತುಂಬಾ ಇತ್ತು, ಅದನ್ನ ಚೀಟಿಯಲ್ಲಿ ಬರೆದುಕೊಟ್ಟು, ಆಸ್ಪತ್ರೆಗೆ ಹೋಗಿ ಅಂದೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೆಸರಿಸಿದ, ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ 14 ಅಂಶಗಳಲ್ಲಿ ನಡುವಯಸ್ಸಿನ ಬಿಪಿ, ಶುಗರ್, ಕಿವುಡು ಮೂರೂ ಇವೆ. ಹದಿನಾಲ್ಕನ್ನೂ ತಡೆದರೆ ಡಿಮೆನ್ಷಿಯಾದ ಸುಮಾರು 45% ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಅನ್ನುತ್ತೆ ಅದು. ಆ ಲೆಕ್ಕದಲ್ಲಿ ಬಿಪಿ ನೋಡಿಸ್ಕೊಳ್ಳಬೇಕಾದವರು ಜಗಳ ಆಡ್ತಿದ್ದ ಆ ಇಬ್ಬರೇ. ಬಿಪಿ ಪಟ್ಟಿ ತೋಳಿಗೆ ಕಟ್ಟೋಕೆ ಬಿಡಲಿಲ್ಲ.

ಈಗ ನಾನು ಮೊದಲು ಮನೆಯವರನ್ನ ಹೊರಗೆ ಕಳಿಸ್ತೀನಿ. ಕೊಟ್ಟಿಗೆಯಾದರೂ ಸರಿ, ಒಬ್ಬರೇ ಸಿಗಬೇಕು. "ಇದು ಜಮೀನಿನದ್ದಲ್ಲ" ಅಂತ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿಸೋಕೆ ಮೊದಲೇ ಹೇಳ್ತೀನಿ. ಅಂಕ ತೋರಿಸೋದನ್ನ ತೆಗೀರಿ ಅಂತ ರಿವ್ಯೂ ಮೀಟಿಂಗ್‌ನಲ್ಲಿ ಕೇಳಿದ್ದಕ್ಕೆ "ಮುಂದಿನ ವರ್ಷನ್‌ನಲ್ಲಿ ನೋಡೋಣ" ಅಂದರು. ಅಲ್ಲಿವರೆಗೆ ಪರದೆಯ ಆ ಮೂಲೆಗೆ ಬ್ಯಾಂಡೇಜ್ ಅಂಟಿಸಿದ್ದೀನಿ. ಅರ್ಧಕ್ಕೆ ನಿಲ್ಲಿಸಿದ ಕಾರಣದ ಪಟ್ಟಿಯಲ್ಲಿ "ಆಸ್ತಿ ತಗಾದೆ" ಅಂತ ಇಲ್ಲ, "ಇತರೆ" ಒತ್ತಿದೆ. ಆ ಮನೆಯ ಲೆಕ್ಕದ ನನ್ನ ಇನ್ಸೆಂಟಿವ್ ಕಟ್ ಆಯಿತು.